ನಕ್ಷೆಯಲ್ಲಿಲ್ಲದ ಊರು

ಅಮೆರಿಕಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ನಯಾಗರ ಜಲಪಾತದ ಮುಂದೆಯೋ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಮುಂದೆಯೋ ನಿಂತ ಫೋಟೋ ತೋರಿಸುತ್ತಾರೆ. ನನ್ನ ಬಳಿ ಇರುವುದು ಒಂದು ಅಣೆಕಟ್ಟು, ಒಂದು ಹಳೆಯ ಇಗರ್ಜಿ ಮತ್ತು ಒಂದು ಗಂಟೆಯ ಫೋಟೋ. ಬೇಸಿಗೆ ರಜೆಯಲ್ಲಿ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿರುವ ಅಕ್ಕನ ಮಗನ ಮನೆಗೆ ಹೋಗಿದ್ದೆ. “ಓಕ್‌ರಿಜ್‌ಗೆ ಕರೆದುಕೊಂಡು ಹೋಗು” ಎಂದಾಗ ಅವನು ನಕ್ಕ. “ಮಾಮಾ, ಅಲ್ಲಿ ನೋಡುವಂಥದ್ದು ಏನಿದೆ?” ಎಂದ. ಮೂವತ್ತು ವರ್ಷ ಮಕ್ಕಳಿಗೆ ಪರಮಾಣುವಿನ ಪಾಠ ಹೇಳಿದ ಮೇಷ್ಟರಿಗೆ ಅಲ್ಲಿ ಏನಿದೆ ಎಂಬುದು ಅವನಿಗೆ ಸಂಜೆಯ ಹೊತ್ತಿಗೆ ತಿಳಿಯಿತು.

ಮೊದಲು ಅಣೆಕಟ್ಟು

ಓಕ್‌ರಿಜ್‌ನ ಕಥೆ ನಾರಿಸ್ ಅಣೆಕಟ್ಟಿನಿಂದ ಶುರುವಾಗುತ್ತದೆ. ಆದ್ದರಿಂದ ಬೆಳಿಗ್ಗೆ ಮೊದಲು ಅಲ್ಲಿಗೇ ಹೋದೆವು. ಕ್ಲಿಂಚ್ ನದಿಗೆ ಅಡ್ಡಲಾಗಿ 265 ಅಡಿ ಎತ್ತರದ ಕಾಂಕ್ರೀಟ್ ಗೋಡೆ. ಹಿಂದೆ ಕಾಡುಗುಡ್ಡಗಳ ನಡುವೆ ಹರಡಿಕೊಂಡ ನೀಲಿ ನೀರು.

1933ರಲ್ಲಿ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಬ್ಯಾಂಕುಗಳು ಬಾಗಿಲು ಹಾಕಿದ್ದವು. ಹಳ್ಳಿಗಳಲ್ಲಿ ಹತ್ತು ಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಆ ವರ್ಷದ ಮೇ 18ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಟೆನೆಸ್ಸಿ ಕಣಿವೆ ಪ್ರಾಧಿಕಾರದ ಕಾಯಿದೆಗೆ ಸಹಿ ಹಾಕಿದರು. ಪ್ರವಾಹ ತಡೆಯುವುದು, ಸವೆದ ಮಣ್ಣನ್ನು ಉಳಿಸುವುದು, ಬಡವರ ಮನೆಗೆ ಅಗ್ಗದ ವಿದ್ಯುತ್ ಕೊಡುವುದು ಅದರ ಉದ್ದೇಶ. ಸರ್ಕಾರ ವಿದ್ಯುತ್ ವ್ಯಾಪಾರಕ್ಕೆ ಇಳಿಯಬಾರದೆಂದು ಖಾಸಗಿ ಕಂಪೆನಿಗಳು ಕೋರ್ಟಿನ ಮೆಟ್ಟಿಲೇರಿದವು. ಅವುಗಳ ಪರವಾಗಿ ಹೋರಾಡಿದ ವೆಂಡೆಲ್ ವಿಲ್ಕಿ 1940ರ ಚುನಾವಣೆಯಲ್ಲಿ ರೂಸ್‌ವೆಲ್ಟ್ ವಿರುದ್ಧವೇ ನಿಂತು ಸೋತರು. ಪ್ರಾಧಿಕಾರ ಕಟ್ಟಿದ ಮೊದಲ ಅಣೆಕಟ್ಟಾದ ನಾರಿಸ್ 1936ರಲ್ಲಿ ಪೂರ್ಣಗೊಂಡಿತು. ಅದಕ್ಕಾಗಿ ಸುಮಾರು 3,000 ಕುಟುಂಬಗಳು ಎದ್ದು ಹೋಗಬೇಕಾಯಿತು. ಸಾವಿರಾರು ಸಮಾಧಿಗಳನ್ನೂ ಅಗೆದು ಬೇರೆಡೆ ಸಾಗಿಸಿದರು.

ಎರಡು ವಾರದ ಗಡುವು

ಅದೇ ಕ್ಲಿಂಚ್ ನದಿಯ ಕೆಳಹರಿವಿನಲ್ಲಿ ಓಕ್‌ರಿಜ್ ಇದೆ. 1942ರ ಸೆಪ್ಟೆಂಬರ್‌ನಲ್ಲಿ ಜನರಲ್ ಲೆಸ್ಲಿ ಗ್ರೋವ್ಸ್ ಈ ಜಾಗವನ್ನು ಆರಿಸಿದರು. ಬೇಕಾದಷ್ಟು ನೀರು, ರೈಲು ಮಾರ್ಗ, ಕಾರ್ಖಾನೆಗಳನ್ನು ಬೇರೆ ಬೇರೆಯಾಗಿ ಅಡಗಿಸಿಡಬಲ್ಲ ಸಾಲುಗುಡ್ಡಗಳು. ಎಲ್ಲಕ್ಕಿಂತ ಹೆಚ್ಚಾಗಿ, ಅಣೆಕಟ್ಟುಗಳು ಕೊಡುವ ವಿದ್ಯುತ್. ರೈತನ ಮನೆಯ ದೀಪಕ್ಕೆಂದು ಕಟ್ಟಿದ್ದು ಈಗ ಬಾಂಬಿನ ಕೆಲಸಕ್ಕೆ ಒದಗಿತು.

ಸುಮಾರು 59,000 ಎಕರೆ ಜಮೀನು ಸರ್ಕಾರದ ವಶವಾಯಿತು. ವ್ಹೀಟ್, ಎಲ್ಜಾ, ರಾಬರ್ಟ್ಸ್‌ವಿಲ್, ಸ್ಕಾರ್ಬರೊ ಎಂಬ ಹಳ್ಳಿಗಳಿಂದ ಸುಮಾರು 3,000 ಜನ ಹೊರಟರು. ಕೆಲವರಿಗೆ ಕೊಟ್ಟ ಗಡುವು ಎರಡೇ ವಾರ. ಅವರಲ್ಲಿ ನಾರಿಸ್ ಅಣೆಕಟ್ಟಿಗಾಗಿ ಒಮ್ಮೆ ಮನೆ ಕಳೆದುಕೊಂಡು ಇಲ್ಲಿಗೆ ಬಂದು ನೆಲೆಸಿದವರೂ ಇದ್ದರು.

ವ್ಹೀಟ್ ಹಳ್ಳಿಯಲ್ಲಿ ಈಗ ಉಳಿದಿರುವುದು ಗುಡ್ಡದ ಮೇಲಿನ ಇಗರ್ಜಿ ಒಂದೇ. ಒಕ್ಕಲೆದ್ದ ಕುಟುಂಬಗಳು ವರ್ಷಕ್ಕೊಮ್ಮೆ ಅಲ್ಲಿ ಸೇರುವ ರೂಢಿ ಬೆಳೆಸಿಕೊಂಡವು. ನಾನು ಕಾರವಾರದ ಕಡೆಯವನು. ಕಾಳಿ ನದಿಯ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಎಂದು ಒಂದೇ ಜಿಲ್ಲೆಯಲ್ಲಿ ಮತ್ತೆ ಮತ್ತೆ ಊರು ಬಿಟ್ಟವರ ಮಕ್ಕಳಿಗೆ ಪಾಠ ಹೇಳಿದವನು. ಆ ಬೀಗ ಹಾಕಿದ ಬಾಗಿಲಿನ ಮುಂದೆ ನಿಂತಾಗ ಪರದೇಶದಲ್ಲಿದ್ದೇನೆ ಎನ್ನಿಸಲಿಲ್ಲ.

ಸಾಲ ತಂದ ಬೆಳ್ಳಿ

ಮೂರು ವರ್ಷಗಳೊಳಗೆ ಆ ಹೊಲಗಳಲ್ಲಿ 75,000 ಜನರ ಊರು ಎದ್ದಿತು. ಸುತ್ತ ಬೇಲಿ, ಕಾವಲು. ಯಾವ ನಕ್ಷೆಯಲ್ಲೂ ಅದರ ಹೆಸರಿರಲಿಲ್ಲ. ಕಂಡದ್ದು ಕೇಳಿದ್ದು ಏನನ್ನೂ ಹೊರಗೆ ಆಡಬಾರದೆಂದು ಎಲ್ಲೆಲ್ಲೂ ಫಲಕಗಳು.

ಅಲ್ಲಿ ನಡೆದ ಕೆಲಸ ಇದು. ಪ್ರಕೃತಿಯಲ್ಲಿ ಸಿಗುವ ಯುರೇನಿಯಂನಲ್ಲಿ ಬಾಂಬಿಗೆ ಒದಗುವ 235ರ ಭಾಗ ಶೇಕಡಾ 0.7 ಮಾತ್ರ, ಉಳಿದದ್ದು ಬಹುಪಾಲು 238. ಎರಡೂ ಒಂದೇ ಧಾತು, ರಾಸಾಯನಿಕ ಗುಣವೂ ಒಂದೇ. ವ್ಯತ್ಯಾಸವಿರುವುದು ತೂಕದಲ್ಲಿ, ಅದೂ ಶೇಕಡಾ ಒಂದರ ಆಸುಪಾಸು. ಬೇರ್ಪಡಿಸಲು ಹಿಡಿದ ಒಂದು ದಾರಿ ಕಾಂತಕ್ಷೇತ್ರ. ವಿದ್ಯುದಾವೇಶ ಪಡೆದ ಯುರೇನಿಯಂ ಕಣಗಳನ್ನು ಬಲವಾದ ಕಾಂತದ ನಡುವೆ ಹಾಯಿಸಿದರೆ ಹಗುರವಾದದ್ದು ಹೆಚ್ಚು ಬಾಗುತ್ತದೆ, ಭಾರವಾದದ್ದು ಕಡಿಮೆ ಬಾಗುತ್ತದೆ. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಿಡಿಯಬಹುದು. ಇಂಥ 1,152 ಯಂತ್ರಗಳನ್ನು ವೈ-12 ಎಂಬ ಕಾರ್ಖಾನೆಯಲ್ಲಿ ಕಟ್ಟಿದರು. ಅವುಗಳ ಹೆಸರು ಕ್ಯಾಲುಟ್ರಾನ್.

ಕಾಂತದ ಸುರುಳಿಗಳಿಗೆ ತಾಮ್ರ ಬೇಕಿತ್ತು. ಆದರೆ ತಾಮ್ರವೆಲ್ಲ ಯುದ್ಧಕ್ಕೆ ಹೋಗುತ್ತಿತ್ತು. ಆಗ ಸೇನೆ ಸರ್ಕಾರಿ ಖಜಾನೆಯಿಂದ ಬೆಳ್ಳಿಯನ್ನು ಸಾಲ ಕೇಳಿತು. ಬೆಳ್ಳಿ ತಾಮ್ರಕ್ಕಿಂತಲೂ ಉತ್ತಮ ವಾಹಕವಷ್ಟೇ. ಸೇನೆಯ ಅಧಿಕಾರಿ ಸಾವಿರಾರು ಟನ್ ಬೇಕೆಂದಾಗ, ಬೆಳ್ಳಿಯನ್ನು ಇಲ್ಲಿ ಔನ್ಸ್‌ಗಳಲ್ಲಿ ತೂಗುತ್ತೇವೆ ಎಂದು ಖಜಾನೆಯವರು ಗದರಿದರಂತೆ! ಕೊನೆಗೆ ಸುಮಾರು 13,300 ಮೆಟ್ರಿಕ್ ಟನ್ ಬೆಳ್ಳಿ ಸುರುಳಿಗಳಾಗಿ ಬಂತು. ಕೊನೆಯ ಕಂತು ಖಜಾನೆಗೆ ಹಿಂದಿರುಗಿದ್ದು 1970ರಲ್ಲಿ.

ಈ ಯಂತ್ರಗಳ ಮುಂದೆ ಕೂತವರು ಹೆಚ್ಚಾಗಿ ಸುತ್ತಲಿನ ಹಳ್ಳಿಗಳ ಹೈಸ್ಕೂಲು ಮುಗಿಸಿದ ಹುಡುಗಿಯರು. ಮೀಟರಿನ ಮುಳ್ಳು ಅತ್ತಿತ್ತ ಸರಿದರೆ ಗುಂಡಿ ತಿರುಗಿಸಿ ಸರಿಪಡಿಸುವುದು ಅವರ ಕೆಲಸ. ಡಾಕ್ಟರೇಟ್ ಪಡೆದ ವಿಜ್ಞಾನಿಗಳೊಂದಿಗೆ ಸ್ಪರ್ಧೆ ನಡೆಸಿದಾಗ ಗೆದ್ದವರು ಈ ಹುಡುಗಿಯರೇ. ಮುಳ್ಳು ಏಕೆ ಸರಿಯುತ್ತದೆ ಎಂದು ಅವರು ಕೇಳುವಂತಿರಲಿಲ್ಲ. ಏನು ತಯಾರಾಗುತ್ತಿದೆ ಎಂಬುದು ಅವರಿಗೆ ತಿಳಿದದ್ದು 1945ರ ಆಗಸ್ಟ್ 6ರಂದು, ಹಿರೋಷಿಮಾ ಸುದ್ದಿ ಬಂದಾಗ. ಆ ಬಾಂಬಿನಲ್ಲಿದ್ದದ್ದು ಸುಮಾರು 64 ಕಿಲೋ ಯುರೇನಿಯಂ. ವರ್ಷಾಂತ್ಯದೊಳಗೆ ಸತ್ತವರು ಸುಮಾರು 1,40,000.

ತಿಳಿಯದಿದ್ದವರು ಕಾರ್ಮಿಕರು ಮಾತ್ರವಲ್ಲ. ಹ್ಯಾರಿ ಟ್ರೂಮನ್ ಸೆನೆಟರ್ ಆಗಿದ್ದಾಗ ಯುದ್ಧದ ಖರ್ಚುಗಳ ತನಿಖಾ ಸಮಿತಿಯ ಮುಖ್ಯಸ್ಥರಾಗಿದ್ದರು. 1943ರಲ್ಲಿ ಈ ಯೋಜನೆಯ ಬಗ್ಗೆ ವಿಚಾರಿಸಿದಾಗ, ಕೇಳಬೇಡಿ ಎಂದು ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ ಅವರನ್ನು ಸುಮ್ಮನಾಗಿಸಿದರು. ಉಪಾಧ್ಯಕ್ಷರಾದ ಮೇಲೂ ಪೂರ್ಣ ವಿವರ ಸಿಗಲಿಲ್ಲ. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡು ಟ್ರೂಮನ್ ಅಧ್ಯಕ್ಷರಾದರು. ಆ ತಿಂಗಳ 25ರಂದು ಸ್ಟಿಮ್ಸನ್ ಮತ್ತು ಗ್ರೋವ್ಸ್ ಎಲ್ಲವನ್ನೂ ವಿವರಿಸಿದರು. ಸುಮಾರು ಇನ್ನೂರು ಕೋಟಿ ಡಾಲರ್ ನುಂಗಿದ ಯೋಜನೆ ಅದು. ಪ್ರಜೆಗಳು ಆರಿಸಿದ ಪ್ರತಿನಿಧಿಗಳಲ್ಲಿ ಬೆರಳೆಣಿಕೆಯವರಿಗಷ್ಟೇ ಅದು ಗೊತ್ತಿತ್ತು.

ಬೇಲಿ ತೆಗೆದ ಮೇಲೆ

1949ರ ಮಾರ್ಚ್ 19ರಂದು ಊರಿನ ದ್ವಾರ ತೆರೆಯಿತು. ಆದರೆ ಒಳಗಿನ ಬೇಲಿಗಳು ಉಳಿದಿದ್ದವು. ಯುದ್ಧಕಾಲದಲ್ಲಿ ಕರಿಯ ಕಾರ್ಮಿಕರನ್ನು ಹಲಗೆಯ ಗುಡಿಸಲುಗಳಲ್ಲಿ ಇಟ್ಟಿದ್ದರು. ಗಂಡ ಹೆಂಡತಿ ಒಟ್ಟಿಗಿರಲೂ ಅವಕಾಶವಿರಲಿಲ್ಲ. 1955ರ ಸೆಪ್ಟೆಂಬರ್‌ನಲ್ಲಿ ಸ್ಕಾರ್ಬರೊ ಬಡಾವಣೆಯ 85 ಕರಿಯ ಮಕ್ಕಳು ಬಿಳಿಯರ ಶಾಲೆಗಳಿಗೆ ಕಾಲಿಟ್ಟರು. ದಕ್ಷಿಣದ ರಾಜ್ಯಗಳಲ್ಲಿ ಇಂಥ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು.

1943ರ ನವೆಂಬರ್ 4ರ ಬೆಳಗಿನ ಜಾವ ಎನ್ರಿಕೊ ಫರ್ಮಿ ಅವರ ಎದುರು ಚಾಲನೆಗೊಂಡ ಗ್ರಾಫೈಟ್ ರಿಯಾಕ್ಟರ್ ನೋಡಬೇಕೆಂಬುದು ನನ್ನ ಆಸೆಯಾಗಿತ್ತು. ಪ್ಲುಟೋನಿಯಂ ತಯಾರಿಕೆಯ ಪ್ರಯೋಗಕ್ಕೆಂದು ಕಟ್ಟಿದ ಅದೇ ರಿಯಾಕ್ಟರ್‌ನಿಂದ 1946ರ ಆಗಸ್ಟ್‌ನಲ್ಲಿ ಕಾರ್ಬನ್-14 ಸೇಂಟ್ ಲೂಯಿಸ್‌ನ ಕ್ಯಾನ್ಸರ್ ಆಸ್ಪತ್ರೆಯೊಂದಕ್ಕೆ ಹೋಯಿತು. ಆದರೆ ಆ ಬಸ್ ಪ್ರವಾಸ ಅಮೆರಿಕದ ಪ್ರಜೆಗಳಿಗೆ ಮಾತ್ರ. ವಸ್ತುಸಂಗ್ರಹಾಲಯ ನೋಡಿ ಸಮಾಧಾನಪಟ್ಟೆ.

ಕೊನೆಗೆ ಊರ ನಡುವಿನ ಉದ್ಯಾನಕ್ಕೆ ಬಂದೆವು. ಅಲ್ಲಿ ಜಪಾನಿನಲ್ಲಿ ಎರಕ ಹೊಯ್ದ ಮೂರೂವರೆ ಟನ್ನಿಗೂ ಮಿಕ್ಕಿದ ಕಂಚಿನ ಗಂಟೆಯಿದೆ. ಅದು 1996ರಲ್ಲಿ ಲೋಕಾರ್ಪಣೆಯಾಯಿತು. ಇದರ ಕಲ್ಪನೆ ಶಿಗೆಕೊ ಉಪ್ಪುಲೂರಿ ಎಂಬ ಜಪಾನಿ ಮಹಿಳೆ ಮತ್ತು ಅವರ ಪತಿ ರಾಮ್ ಉಪ್ಪುಲೂರಿಯವರದು. ಪತಿ ಭಾರತೀಯರು, ಅಲ್ಲಿನ ಪ್ರಯೋಗಾಲಯದಲ್ಲಿ ಗಣಿತಜ್ಞರಾಗಿದ್ದವರು. ಗಂಟೆ ಬೌದ್ಧಧರ್ಮದ ಕುರುಹೆಂದು ಆಕ್ಷೇಪಿಸಿ ಮೊಕದ್ದಮೆಯೂ ನಡೆಯಿತು. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಊರಿನ ಪರವಾಗಿ ತೀರ್ಪಿತ್ತಿತು.

ತೂಗುಹಾಕಿದ ಮರದ ದಿಮ್ಮಿಯನ್ನು ಹಿಂದಕ್ಕೆಳೆದು ಬಿಟ್ಟೆ. ನಾದ ಎದೆಯೊಳಗೆ ಬಹಳ ಹೊತ್ತು ಉಳಿಯಿತು. ಅಕ್ಕನ ಮಗ ಫೋಟೋ ತೆಗೆಯುವುದನ್ನೂ ಮರೆತು ನಿಂತಿದ್ದ, ಮತ್ತೊಮ್ಮೆ ಬಾರಿಸಬೇಕಾಯಿತು.

ಮಕ್ಕಳು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ, “ಸಾರ್, ಇದು ಪರೀಕ್ಷೆಗೆ ಬರುತ್ತದೆಯೇ?” ಎಂಬುದು. ಶಾಲೆ ತೆರೆದ ಮೊದಲ ವಾರ ಕ್ಯಾಲುಟ್ರಾನ್ ಹುಡುಗಿಯರ ಕಥೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಏನಕ್ಕೆ ಅಂತ ಗೊತ್ತಿದ್ದರೆ ಅವರು ಆ ಗುಂಡಿ ತಿರುಗಿಸುತ್ತಿದ್ದರೇ ಸಾರ್?” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಅಂದು ಪಾಠ ಚೆನ್ನಾಗಿ ಆಯಿತೆಂದು ತಿಳಿದುಕೊಂಡೆ.