ಮೆಟ್ಟಿಲ ಜಾಗದ ಕಕ್ಕೆ ಮರ

ಮನೆಯಂಗಳದಲ್ಲಿ ಮರ ನೆಡುವಾಗ ಅದರಿಂದ ಏನು ಸಿಗುತ್ತದೆ ಎಂದು ಕೇಳುವುದು ನಮ್ಮಲ್ಲಿ ರೂಢಿ. ತೆಂಗಾದರೆ ಕಾಯಿ, ನುಗ್ಗೆಯಾದರೆ ಸೊಪ್ಪೂ ಕಾಯಿಯೂ, ಸಂಪಿಗೆಯಾದರೆ ದೇವರಿಗೆ ಹೂ. ಬರೀ ನೋಡುವುದಕ್ಕೆಂದು ಮರ ಬೆಳೆಸುವುದು ದುಂದು ಎಂಬ ಭಾವನೆ ನಮ್ಮ ಬೀದಿಯಲ್ಲಿ ಈಗಲೂ ಇದೆ. ಮೈಸೂರಿನ ನಮ್ಮ ಮೂವತ್ತು ನಲವತ್ತರ ಸೈಟಿನಲ್ಲಿ ಅಪ್ಪ ಅಂಥದೊಂದು ದುಂದು ಮಾಡಿದರು. ಗೇಟಿನ ಪಕ್ಕ ಉಳಿದಿದ್ದ ಚೂರು ಮಣ್ಣಿನಲ್ಲಿ ಕಕ್ಕೆ ನೆಟ್ಟರು.

ಕಕ್ಕೆ ಬೀಜದ ಸಿಪ್ಪೆ ಬಲು ಗಟ್ಟಿ. ಹಾಗೆಯೇ ಹೂತರೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಅಪ್ಪ ಬೀಜಗಳನ್ನು ಒರಟು ಕಲ್ಲಿಗೆ ಉಜ್ಜಿ, ರಾತ್ರಿಯಿಡೀ ನೆನೆಸಿ, ಹಾಲಿನ ಕವರಿಗೆ ಮಣ್ಣು ತುಂಬಿ ಹಾಕಿದ್ದರು. ಮೊದಲ ಗೊಂಚಲು ಕಂಡಾಗ ಗಿಡಕ್ಕೆ ಏಳು ವರ್ಷ. ನಾನು ಪಿಯುಸಿ ಓದುತ್ತಿದ್ದೆ.

ಬೇಸಿಗೆಯಲ್ಲಿ ಎಲೆ ಉದುರಿ ಹಳದಿ ಗೊಂಚಲುಗಳು ಜೋತುಬೀಳುತ್ತವೆ. ಕರಿ ದುಂಬಿಗಳು ಹೂವನ್ನು ಅವುಚಿಕೊಂಡು ಮೈ ನಡುಗಿಸುತ್ತವೆ. ಆ ನಡುಕಕ್ಕೆ ಪರಾಗ ಉದುರುತ್ತದೆ. ಆಮೇಲೆ ಎರಡಡಿ ಉದ್ದದ ಕಪ್ಪು ಕಾಯಿ. ಮಳೆಗಾಲದ ಚಿಗುರಿಗೆ ಹಸಿರು ಹುಳು. ಪಕ್ಕದ ಮನೆಯ ಆಂಟಿ ಪ್ರತಿವರ್ಷ ಹುಳುವಿನ ದೂರು ತರುತ್ತಾರೆ. ಕೆಲವೇ ದಿನಗಳಲ್ಲಿ ಅವೇ ಹುಳುಗಳು ತಿಳಿಹಳದಿ ಚಿಟ್ಟೆಗಳಾಗಿ ಅವರ ಟೆರೇಸಿನ ಮೇಲೆ ಹಾರಾಡುತ್ತವೆ. ಗುಡಿಸುವ ಕೆಲಸ ಅಮ್ಮನದು. "ಹೂವೆಲ್ಲ ಬೀದಿಯವರಿಗೆ, ಕಸ ಮಾತ್ರ ನಮಗೆ" ಎನ್ನುತ್ತಾಳೆ.

ಅಮ್ಮನ ಮಾತು ನಿಜ. ಗೊಂಚಲು ಸೊಂಪಾಗಿರುವುದು ಬಿಸಿಲು ಬೀಳುವ ರಸ್ತೆಯ ಕಡೆಗೆ. ಒಳಗಿನಿಂದ ನಮಗೆ ಕಾಣುವುದು ಕಾಂಡ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕ್ರುಂಬಿಗಲ್, ಒಂದರ ನಂತರ ಒಂದು ಅರಳುವಂತೆ ಮರಗಳನ್ನು ಆರಿಸಿ ಊರಿಗೆ ವರ್ಷವಿಡೀ ಹೂವಿರಬೇಕೆಂದು ಯೋಚಿಸಿದರು. ದಕ್ಷಿಣ ಅಮೆರಿಕದ ಜಕರಾಂಡ, ಮಡಗಾಸ್ಕರಿನ ಗುಲ್‌ಮೊಹರ್ ಅಲ್ಲಿನ ಬೀದಿಗಳಲ್ಲಿ ಇಂದಿಗೂ ಸರದಿಯಂತೆ ಅರಳುತ್ತವೆ. ಆದರೆ ಅದು ಸರ್ಕಾರದ ಜಾಗ, ಸರ್ಕಾರದ ಖರ್ಚು. ನಮ್ಮಂಥ ಸಣ್ಣ ಮನೆಯವರಿಗೆ ಒಂದೇ ಮರ, ಕೆಲವೇ ವಾರಗಳ ಹೂ. ಅದಕ್ಕೆ ಬಿಟ್ಟುಕೊಡಬೇಕಾದದ್ದು ಚದರಡಿಯ ಜಾಗ.

ಈಗ ಆ ಜಾಗದ ಪ್ರಶ್ನೆ ಬಂದಿದೆ. ಅಪ್ಪ ಹೋದ ಮೇಲೆ ಅಮ್ಮನ ಔಷಧಿಯ ಖರ್ಚು ಏರಿದೆ. ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಡೋಣ ಎನ್ನುವುದು ಅಣ್ಣನ ಯೋಚನೆ. ನಕ್ಷೆಯಲ್ಲಿ ಮೆಟ್ಟಿಲು ಬರುವುದು ಸರಿಯಾಗಿ ಕಕ್ಕೆಯ ಬುಡಕ್ಕೆ. ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಅದು ಸಿಗಬಹುದು ಎನ್ನುತ್ತಾನೆ. ಅವನ ಲೆಕ್ಕದಲ್ಲಿ ತಪ್ಪಿಲ್ಲ. ಮರ ಬಾಡಿಗೆ ತರುವುದಿಲ್ಲ.

ನಾನು ಕೇಳಿದ್ದು ಒಂದೇ: ಹಿಂದುಗಡೆ ಕಬ್ಬಿಣದ ಮೆಟ್ಟಿಲು ಹಾಕಿದರೆ ಎಷ್ಟಾಗುತ್ತದೆ? ಖರ್ಚು ಜಾಸ್ತಿ, ಬಟ್ಟೆ ಒಗೆಯುವ ಕಲ್ಲೂ ತೆಗೆಯಬೇಕು. ಕಲ್ಲು ಹೋದರೆ ಹೋಗಲಿ, ವಾಷಿಂಗ್ ಮಷೀನ್ ಇದೆಯಲ್ಲ ಎಂದಳು ಅಮ್ಮ, ಪೊರಕೆ ಕೈಯಲ್ಲಿ ಹಿಡಿದೇ. ಹೆಚ್ಚುವರಿ ಹಣದಲ್ಲಿ ಅರ್ಧ ನಾನು ಕೊಡುತ್ತೇನೆ ಎಂದಿದ್ದೇನೆ. ಅಣ್ಣ ಇನ್ನೂ ಏನೂ ಹೇಳಿಲ್ಲ. ಅಳತೆ ತೆಗೆಯಲು ಎಂಜಿನಿಯರ್ ಭಾನುವಾರ ಬರುತ್ತಾರೆ.