ಕಾಣೆಯಾದ ಕೊಳ್ಳೇಗಾಲ



ಮೂರು ತಾಲೂಕು ತಿರುಗಿ ಧ್ವನಿಮುದ್ರಿಸಿದ ಕಂಸಾಳೆ ಹಾಡುಗಳಿಗೆ ಪಟ್ಟಿ ತಯಾರಿಸುವ ನಿಮ್ಮ ಪೈಥಾನ್ ಪ್ರೋಗ್ರಾಂ ತಲುಪಿತು. ನಿಮ್ಮ ವಿಂಡೋಸಿನಲ್ಲಿ ಸಲೀಸಾಗಿ ಓಡಿದ್ದು ನನ್ನ ಲಿನಕ್ಸಿನಲ್ಲಿ ಮೊದಲ ಹೆಜ್ಜೆಗೇ ಮುಗ್ಗರಿಸಿತು.

ಕಾರಣ, ಫೋಲ್ಡರುಗಳ ದಾರಿ ಬರೆಯಲು ನೀವು ಬಳಸಿದ, ಹಿಂದಕ್ಕೆ ವಾಲಿದ ಓರೆಗೆರೆ. 1983ರಲ್ಲಿ ಎಂಎಸ್-ಡಾಸ್ 2.0ಗೆ ಫೋಲ್ಡರುಗಳು ಬಂದಾಗ, ಮುಂದಕ್ಕೆ ವಾಲಿದ ಗೆರೆ ಕಮಾಂಡುಗಳ ಬೇರೆ ಕೆಲಸಕ್ಕೆ ಆಗಲೇ ಬಳಕೆಯಲ್ಲಿತ್ತು. ಹಾಗಾಗಿ ಅದನ್ನು ರೂಪಿಸಿದವರು ಹಿಂದಕ್ಕೆ ವಾಲಿದ ಗೆರೆ ಹಿಡಿದರು. ಲಿನಕ್ಸಿಗೆ ಅದು ದಾರಿಯ ಗುರುತೇ ಅಲ್ಲ, ಹೆಸರಿನೊಳಗಿನ ಇನ್ನೊಂದು ಅಕ್ಷರ. ನೀವು ಅದನ್ನು ಹದಿನೇಳು ಕಡೆ ಕೈಯಾರೆ ಬರೆದಿದ್ದೀರಿ! ಒಂದು ಕಡೆಯಂತೂ ಗೆರೆಯ ಬೆನ್ನಿಗೇ ಇಂಗ್ಲಿಷಿನ ಟಿ ಬಂದು, ಎರಡೂ ಸೇರಿ ಟ್ಯಾಬ್ ಆಗಿಬಿಟ್ಟಿದೆ. (ಆ ಸಾಲು ನಿಮ್ಮಲ್ಲೂ ಓಡುವುದಿಲ್ಲ, ಅಲ್ಲಿಯವರೆಗೆ ನೀವಿನ್ನೂ ಹೋಗಿಲ್ಲ ಅಷ್ಟೇ.) ಎಲ್ಲ ಕಿತ್ತು ಪಾಥ್‌ಲಿಬ್ ಎಂಬ ಲೈಬ್ರರಿ ಹಾಕಿದೆ. 2014ರ ಪೈಥಾನ್ 3.4ರಿಂದಲೂ ಅದು ಜೊತೆಯಲ್ಲೇ ಬರುತ್ತದೆ. ಮೂಲ ಫೋಲ್ಡರನ್ನು ಒಂದೇ ಕಡೆ ಹೇಳಿದರೆ ಸಾಕು, ಗೆರೆ ಯಾವ ಕಡೆಗೆ ವಾಲಬೇಕೆಂದು ಅದೇ ನೋಡಿಕೊಳ್ಳುತ್ತದೆ. ಹಾಡಿನ ಹೆಸರಿನಲ್ಲಿ ಯಾರಾದರೂ ಎರಡು ಚುಕ್ಕಿ ತುರುಕಿ ಆ ಫೋಲ್ಡರಿನಿಂದ ಹೊರಗೆ ನುಸುಳದಂತೆ ತಪಾಸಣೆಯನ್ನೂ ಇಟ್ಟಿದ್ದೇನೆ.

ಆಮೇಲೆ ಶುರುವಾಯಿತು ನೋಡಿ. ಹನೂರಿನ ಫೋಲ್ಡರು ತೆರೆಯಿತು, ಯಳಂದೂರು ತೆರೆಯಿತು. ಕೊಳ್ಳೇಗಾಲ ಮಾತ್ರ ಇಲ್ಲವಂತೆ! ಪರದೆಯ ಮೇಲೆ ಫೋಲ್ಡರು ಕಣ್ಣೆದುರಿಗೇ ಇದೆ. ಹಾಡುಗಳಿದ್ದ ನಿಮ್ಮ ಜಿಪ್ ಫೈಲು ಹಳೆಯ ಮ್ಯಾಕ್‌ನಲ್ಲಿ ಕಟ್ಟಿದ್ದೆಂದು ನೆನಪಾದ ಮೇಲೆ ಗುಟ್ಟು ತಿಳಿಯಿತು. ಅದರ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲು ವ್ಯವಸ್ಥೆ ಹೆಸರುಗಳ ಅಕ್ಷರಗಳನ್ನು ಬಿಡಿಸಿಡುತ್ತದೆ. ‘ಕೊ’ದ ಒತ್ವ ಅಲ್ಲಿ ಎತ್ವ ಮತ್ತು ಕೊಂಬಿನಿಳಿ; ‘ಳ್ಳೇ’ಯ ಏತ್ವ ಎತ್ವ ಮತ್ತು ದೀರ್ಘ. ಮೇಷ್ಟ್ರು ಸ್ಲೇಟಿನ ಮೇಲೆ ತಿದ್ದಿಸಿದ ಹಾಗೆಯೇ! ನಾನು ಟೈಪ್ ಮಾಡಿದ ಕೊಳ್ಳೇಗಾಲಕ್ಕೆ ಯೂನಿಕೋಡಿನಲ್ಲಿ 9 ಸಂಕೇತ, ಜಿಪ್‌ನ ಕೊಳ್ಳೇಗಾಲಕ್ಕೆ 11. ಕಣ್ಣಿಗೆ ಒಂದೇ ಊರು, ಬೈಟ್ ಹೋಲಿಸುವ ಲಿನಕ್ಸಿಗೆ ಎರಡು. ಹನೂರು, ಯಳಂದೂರುಗಳಲ್ಲಿ ಬಿಡಿಸುವಂಥ ಸ್ವರಚಿಹ್ನೆ ಇಲ್ಲ, ಬಚಾವಾದವು. ಈಗ ಎರಡೂ ಕಡೆಯ ಹೆಸರನ್ನು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದು ಹೋಲಿಸುತ್ತಿದ್ದೇನೆ.

ಮಲೆ ಮಹದೇಶ್ವರ ಬೆಟ್ಟದ ಹಾಡುಗಳನ್ನು ಇನ್ನೂ ಕಳಿಸಿಲ್ಲ ನೀವು. ಅದರ ಹೆಸರಲ್ಲೂ ಒಂದು ಏತ್ವ ಇದೆ, ಅದೇ ಮ್ಯಾಕ್‌ನಿಂದಲೇ ಕಳಿಸಿ, ಪರೀಕ್ಷೆಯಾಗಲಿ. ಮೂಲ ಪ್ರತಿಯನ್ನು ಮಾತ್ರ ಅಳಿಸಬೇಡಿ.

ಇಂತಿ ನಿಮ್ಮ ಗೆಳೆಯ