ಚಾಡಿಯೋ? ಸಾಕ್ಷಿಯೋ?

ಸಾಕ್ಷಿಯಿಲ್ಲದ ವ್ಯವಹಾರವು ನಮ್ಮ ಹಿರಿಯರಿಗೆ ಸಮ್ಮತವಾದುದಲ್ಲ. ಮದುವೆಗೆ ಅಗ್ನಿಯನ್ನು ಸಾಕ್ಷಿಯಾಗಿಟ್ಟರು. ಆಣೆಗೆ ಸೂರ್ಯಚಂದ್ರರನ್ನು ಕರೆದರು. ಸಾಲದ ಪತ್ರಕ್ಕೆ ಊರಿನ ನಾಲ್ವರಿಂದ ರುಜು ಹಾಕಿಸಿದರು. ನೋಡುವವರಿಲ್ಲದ ಕಡೆಯಲ್ಲಿ ಮನುಷ್ಯನ ಮನಸ್ಸು ಸಡಿಲವಾಗುವುದೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಆದರೆ ಈ ಕಾಲದ ಬೀದಿಗಳಲ್ಲಿ ನಡೆಯುವ ಒಂದು ಬಗೆಯ ತಪ್ಪಿಗೆ ಬಹುಕಾಲ ಸಾಕ್ಷಿಯೇ ಇರಲಿಲ್ಲ. ಬೈಸಿಕಲ್ಲಿನಲ್ಲಿ ಹೋಗುತ್ತಿರುವವನ ಮೊಣಕೈಯನ್ನು ಸವರಿದಂತೆ ಮೋಟಾರೊಂದು ಹಾರಿಹೋಗುವುದು. ಅವನು ಬೆಚ್ಚಿ, ಸಮತೂಕ ಹಿಡಿದು, ತಲೆಯೆತ್ತಿ ನೋಡುವಷ್ಟರಲ್ಲಿ ಅದು ತಿರುವಿನಲ್ಲಿ ಮರೆಯಾಗಿರುವುದು. ಯಾರನ್ನು ಕೇಳುವುದು? ಯಾರಿಗೆ ಹೇಳುವುದು? ಪೆಟ್ಟು ಬಿದ್ದಿದ್ದರೆ ಅದೊಂದು ಮೊಕದ್ದಮೆ. ಕೂದಲೆಳೆಯಲ್ಲಿ ತಪ್ಪಿತಾದ್ದರಿಂದ ಅದು ಏನೂ ಅಲ್ಲ!

ಇತ್ತೀಚಿನ ವರ್ಷಗಳಲ್ಲಿ ಈ ಕೊರತೆಯನ್ನು ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಕ್ಯಾಮೆರಾ ತುಂಬುತ್ತ ಬಂದಿದೆ. ಬೈಸಿಕಲ್ಲಿನ ಹಿಡಿಗೋ ಸವಾರನ ಹೆಲ್ಮೆಟ್ಟಿಗೋ ಇದನ್ನು ಸಿಕ್ಕಿಸಿಕೊಂಡು ಹೊರಟರೆ, ದಾರಿಯುದ್ದಕ್ಕೂ ನಡೆದುದೆಲ್ಲವೂ ಅದರಲ್ಲಿ ದಾಖಲಾಗುತ್ತದೆ. ಯಾವನಾದರೂ ಅಪಾಯಕರವಾಗಿ ಗಾಡಿ ನಡೆಸಿದರೆ ಆ ಚಿತ್ರವನ್ನು ಪೋಲೀಸಿನವರಿಗೆ ಕಳುಹಿಸಬಹುದು. ಇದು ಬ್ರಿಟನ್ನಿನಲ್ಲಿ ಈಗ ಮನೆಮಾತಾದ ಸಂಗತಿ. ನಾವು ಸಂಸಾರಸಮೇತರಾಗಿ ಆ ದೇಶದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವಾಸವಾಗಿರುವವರಾದ್ದರಿಂದಲೂ, ಈ ವಿಷಯವು ನಮ್ಮ ಮನೆಯೊಳಗೇ ಒಂದು ಚರ್ಚೆಯನ್ನೆಬ್ಬಿಸಿದ್ದರಿಂದಲೂ, ವಾಚಕರೊಡನೆ ನಾಲ್ಕು ಮಾತನ್ನಾಡುವ ಧೈರ್ಯ ಮಾಡಿದ್ದೇವೆ.

ಮೊದಲು ಅಲ್ಲಿನ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಬ್ರಿಟನ್ನಿನ ರಸ್ತೆಗಳಲ್ಲಿ 2023ನೆಯ ವರ್ಷ ಮೃತರಾದವರು 1,624 ಜನ; ಅವರಲ್ಲಿ 87 ಜನ ಬೈಸಿಕಲ್ಲಿನ ಸವಾರರು. ಆ ದೇಶದ ರಸ್ತೆ ನಿಯಮಗಳ ಪುಸ್ತಕವು ಮೊದಲು ಅಚ್ಚಾದುದು 1931ರಲ್ಲಿ. ಅದನ್ನು 2022ರ ಜನವರಿ 29ರಿಂದ ತಿದ್ದಿ, ಹೆಚ್ಚು ಹಾನಿ ಮಾಡಬಲ್ಲ ವಾಹನವನ್ನು ನಡೆಸುವವನ ಮೇಲೆಯೇ ಹೆಚ್ಚಿನ ಹೊಣೆಯೆಂದು ಸ್ಪಷ್ಟಪಡಿಸಿದರು. ಗಂಟೆಗೆ 30 ಮೈಲಿಯವರೆಗಿನ ವೇಗದಲ್ಲಿ ಬೈಸಿಕಲ್ಲನ್ನು ದಾಟುವಾಗ ಕಡಮೆಯೆಂದರೆ ಒಂದೂವರೆ ಮೀಟರು, ಅಂದರೆ ಸುಮಾರು ಐದು ಅಡಿ, ಅಂತರ ಬಿಡಬೇಕು. ವೇಗ ಹೆಚ್ಚಿದಂತೆ ಅಂತರವೂ ಹೆಚ್ಚಬೇಕು. ಐದು ಅಡಿ ಏತಕ್ಕೆಂದು ಮೋಟಾರಿನಲ್ಲಿ ಕುಳಿತವರು ಕೇಳುವುದುಂಟು. ಚರಂಡಿಯ ಜಾಲರಿ, ಒಡೆದ ಗಾಜು, ಮಳೆನೀರು ತುಂಬಿದ ಗುಂಡಿ, ಇವುಗಳಲ್ಲಿ ಯಾವುದೊಂದು ಎದುರಾದರೂ ಸವಾರನು ತಟ್ಟನೆ ಒಂದೆರಡು ಅಡಿ ಪಕ್ಕಕ್ಕೆ ಸರಿಯಲೇಬೇಕು. ದೊಡ್ಡ ಲಾರಿ ಪಕ್ಕದಲ್ಲಿ ಹಾದರೆ ಅದರ ಗಾಳಿಯೇ ಅವನನ್ನು ಅಲುಗಿಸುವುದು. ಆ ಐದು ಅಡಿಯು ಸವಾರನಿಗೆ ತೋರಿಸುವ ಮರ್ಯಾದೆಯಲ್ಲ. ಅವನ ಜೀವಕ್ಕೆ ಬಿಟ್ಟುಕೊಟ್ಟ ಜಾಗ.

ಈ ಅಂತರವನ್ನು ಜನರಿಗೆ ಮನವರಿಕೆ ಮಾಡಿಕೊಡಲು 2016ರಲ್ಲಿ ನಮ್ಮ ಬರ್ಮಿಂಗ್‌ಹ್ಯಾಮನ್ನೊಳಗೊಂಡ ವೆಸ್ಟ್ ಮಿಡ್‌ಲ್ಯಾಂಡ್ಸ್ ಪ್ರಾಂತದ ಪೋಲೀಸಿನವರು ಒಂದು ಒಳ್ಳೆಯ ಉಪಾಯವನ್ನು ಹೂಡಿದರು. ಅವರಲ್ಲೊಬ್ಬರು ಸಾದಾ ಉಡುಪಿನಲ್ಲಿ ಬೈಸಿಕಲ್ ಹತ್ತಿ ಹೊರಡುವರು. ತೀರ ಹತ್ತಿರದಲ್ಲಿ ದಾಟಿದ ಮೋಟಾರನ್ನು ಮುಂದೆ ನಿಂತಿರುವ ಸಹೋದ್ಯೋಗಿಗಳು ತಡೆದು, ನೆಲದ ಮೇಲೆ ಹಾಸಿದ ಒಂದು ದೊಡ್ಡ ಚಾಪೆಯ ಚಿತ್ರದ ಮೇಲೆ ಬೈಸಿಕಲ್ಲೆಲ್ಲಿ, ಗಾಡಿಯೆಲ್ಲಿ, ನಡುವೆ ಎಷ್ಟು ಜಾಗವಿರಬೇಕು ಎಂಬುದನ್ನು ಚಾಲಕನಿಗೆ ಕಣ್ಣಾರೆ ತೋರಿಸುವರು. ದಂಡಕ್ಕಿಂತ ಮೊದಲು ಪಾಠ! ಅದೇ ವರ್ಷ ಉತ್ತರ ವೇಲ್ಸಿನ ಪೋಲೀಸಿನವರು ಸಾರ್ವಜನಿಕರೇ ತೆಗೆದ ಚಿತ್ರಗಳನ್ನು ಸ್ವೀಕರಿಸುವ ಒಂದು ಕ್ರಮವನ್ನು ಆರಂಭಿಸಿದರು. ಈಗ ಇಂಗ್ಲೆಂಡು ವೇಲ್ಸುಗಳ ಬಹುಪಾಲು ಪೋಲೀಸು ಪಡೆಗಳಲ್ಲಿ ಇಂಥ ಏರ್ಪಾಡಿದೆ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ನಮ್ಮ ಮಗಳಿಗೆ ಆಗ ಹದಿಮೂರು ವರ್ಷ. ಅವಳು ಶಾಲೆಗೂ ನಾವು ಕೆಲಸಕ್ಕೂ ಒಂದೇ ದಾರಿಯಲ್ಲಿ ಬೈಸಿಕಲ್ಲಿನಲ್ಲಿ ಹೋಗುವ ರೂಢಿ. ಮಗಳು ಮುಂದೆ, ನಾವು ಹಿಂದೆ. 2023ರ ಅಕ್ಟೋಬರಿನ ಒಂದು ಬೆಳಗ್ಗೆ ಇಕ್ಕಟ್ಟಾದ ಅಂಗಡಿಬೀದಿಯಲ್ಲಿ ಹೋಗುತ್ತಿರುವಾಗ ಬಿಳಿಯ ವ್ಯಾನೊಂದು ನಮ್ಮನ್ನು ದಾಟಿತು. ಎದುರಿನಿಂದ ಬಸ್ಸು ಬರುತ್ತಿದ್ದುದನ್ನು ಕಂಡು, ನಿಲ್ಲಿಸುವುದಕ್ಕೆ ಬದಲಾಗಿ, ಒಮ್ಮೆಗೇ ಎಡಕ್ಕೆ ಎಳೆದುಕೊಂಡಿತು. ಅದರ ಕನ್ನಡಿಗೂ ಮಗುವಿನ ಭುಜಕ್ಕೂ ನಡುವೆ ಉಳಿದುದು ಒಂದು ಗೇಣು. ಅವಳು ಕಾಲುದಾರಿಯ ಅಂಚಿಗೆ ಕಾಲು ಕೊಟ್ಟು ನಿಂತಳು. ಬೀಳಲಿಲ್ಲ, ಅಳಲೂ ಇಲ್ಲ. ಶಾಲೆಯ ಬಾಗಿಲಲ್ಲಿ ಮಾತ್ರ, “ಅಪ್ಪಾ, ನಾಳೆಯಿಂದ ನಾನು ಬಸ್ಸಲ್ಲೇ ಹೋಗ್ತೀನಿ” ಎಂದಳು. ವ್ಯಾನಿನ ಚಾಲಕನು ಒಂದು ಗಳಿಗೆಯಲ್ಲಿ ಕಸಿದುಕೊಂಡುದು ಇಷ್ಟು: ಒಂದು ಮಗುವಿಗೆ ರಸ್ತೆ ತನ್ನದೂ ಹೌದೆಂಬ ನಂಬಿಕೆ.

ರಾತ್ರಿ ಚಿತ್ರವನ್ನು ತೆರೆದು ನೋಡಿದೆವು. ಗಾಡಿಯ ನಂಬರು ಸ್ಪಷ್ಟವಾಗಿತ್ತು. ಅದರ ಮಗ್ಗುಲಲ್ಲಿ ಬರೆದ ಹೆಸರು ಅದಕ್ಕಿಂತಲೂ ಸ್ಪಷ್ಟವಾಗಿತ್ತು. ನಾವು ಪ್ರತಿ ಶನಿವಾರ ಕರಿಬೇವು, ನುಗ್ಗೆಕಾಯಿ, ಸೋನಾಮಸೂರಿ ಅಕ್ಕಿ ತರುವ ಅಂಗಡಿಯ ವ್ಯಾನು ಅದು! ಅದನ್ನು ನಡೆಸುವವನು ಅಲ್ಲಿ ಮೂಟೆ ಇಳಿಸುವ ಒಬ್ಬ ಹುಡುಗ.

ತುಮಕೂರಿನಿಂದ ಬಂದಿದ್ದ ನಮ್ಮ ತಾಯಿಯವರು ಇದನ್ನು ಕೇಳಿ, “ಪೋಲೀಸು ಗೀಲೀಸು ಬೇಡ ಕಣೋ. ಚಾಡಿ ಹೇಳಿ ಒಬ್ಬರ ಅನ್ನಕ್ಕೆ ಕಲ್ಲು ಹಾಕಬಾರದು. ಆ ಹುಡುಗನಿಗೂ ಹೆತ್ತವಳಿರ್ತಾಳೆ. ಅಂಗಡಿಗೆ ಹೋಗಿ ಯಜಮಾನನಿಗೆ ಬಾಯಲ್ಲಿ ಹೇಳಿ ಬಾ, ಸಾಕು” ಎಂದರು. ಈ ಮಾತು ಹಗುರವಾದುದಲ್ಲ. ಪರದೇಶದಲ್ಲಿ ಬದುಕು ಕಟ್ಟಿಕೊಳ್ಳುತ್ತಿರುವವನ ಕಷ್ಟ ನಮಗೆ ತಿಳಿಯದುದೂ ಅಲ್ಲ. ಆದರೆ ನಮ್ಮ ಮನೆಯಾಕೆ ಅತ್ತೆಯವರಿಗೆ ಬಹಳ ಮೆಲ್ಲಗೆ ಒಂದು ಉತ್ತರ ಕೊಟ್ಟಳು. “ಬಾಯಲ್ಲಿ ಹೇಳಿದರೆ ಯಜಮಾನರು ನಕ್ಕು ಸುಮ್ಮನಾಗಬಹುದು ಅತ್ತೆ, ಇಲ್ಲವೇ ಅವನನ್ನು ಇವತ್ತೇ ಕೆಲಸದಿಂದ ತೆಗೆಯಬಹುದು. ಅವರ ಕೋಪಕ್ಕೆ ಅಳತೆ ಇಲ್ಲ. ಕಾನೂನಿಗೆ ಅಳತೆ ಇದೆ.”

ಆ ಅಳತೆ ಎಂಥದೆಂಬುದನ್ನು ವಾಚಕರೂ ತಿಳಿಯುವುದು ಒಳ್ಳೆಯದು. ಚಿತ್ರ ಬಂದೊಡನೆಯೇ ಶಿಕ್ಷೆಯಾಗುವುದಿಲ್ಲ. ತರಬೇತಿಯುಳ್ಳ ಅಧಿಕಾರಿಯೊಬ್ಬರು ಅದನ್ನು ನೋಡಿ, ತಪ್ಪು ನಡೆದಿದೆಯೇ ಎಂದು ತೀರ್ಮಾನಿಸುವರು. ನಡೆದಿದೆಯೆಂದು ತೋರಿದರೆ ಹದಿನಾಲ್ಕು ದಿನಗಳೊಳಗೆ ಗಾಡಿಯ ನೋಂದಾಯಿತ ಒಡೆಯನಿಗೆ ನೋಟೀಸು ಮುಟ್ಟಬೇಕು. ಅಂದು ಗಾಡಿ ನಡೆಸಿದವರಾರೆಂದು ಒಡೆಯನು ತಿಳಿಸಬೇಕು. ಸಣ್ಣ ತಪ್ಪಿಗೆ ಎಚ್ಚರಿಕೆಯ ಕಾಗದ, ಇಲ್ಲವೇ ಶುಲ್ಕ ಕೊಟ್ಟು ಕಲಿಯಬೇಕಾದ ಒಂದು ಪಾಠ. ಅದಕ್ಕೆ ಮೇಲ್ಪಟ್ಟರೆ 100 ಪೌಂಡು ದಂಡ ಮತ್ತು ಪರವಾನಗಿಯ ಮೇಲೆ 3 ಅಂಕ. ಇನ್ನೂ ಘೋರವಾದರೆ ನ್ಯಾಯಾಲಯ. ಮೂರು ವರ್ಷಗಳಲ್ಲಿ 12 ಅಂಕಗಳಾದರೆ ಸಾಮಾನ್ಯವಾಗಿ ಚಾಲನೆಗೇ ನಿಷೇಧ. ಎಂದರೆ, ಒಮ್ಮೆ ಎಡವಿದವನಿಗೆ ತಿದ್ದಿಕೊಳ್ಳಲು ಅವಕಾಶವಿದೆ. ಎಡವುವುದನ್ನೇ ಕಸುಬು ಮಾಡಿಕೊಂಡವನಿಗೆ ಮಾತ್ರ ದಾರಿ ಮುಚ್ಚುವುದು.

ಇನ್ನು ಚಿತ್ರ ಕಳುಹಿಸುವವನ ಮೇಲೆಯೂ ಕಟ್ಟಳೆಗಳುಂಟು. ಕತ್ತರಿಸದೆ, ಜೋಡಿಸದೆ, ಘಟನೆಗೆ ಹಿಂದಿನ ಮುಂದಿನ ಭಾಗಗಳೂ ಸೇರಿದಂತೆ ಚಿತ್ರವನ್ನು ಒಪ್ಪಿಸಬೇಕು. ಹೆಸರು ವಿಳಾಸಗಳನ್ನು ಕೊಟ್ಟು ಹೇಳಿಕೆ ಬರೆಯಬೇಕು. ಅಗತ್ಯಬಿದ್ದರೆ ನ್ಯಾಯಾಲಯಕ್ಕೆ ಬಂದು ನುಡಿಯಲು ಸಿದ್ಧರಿರಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ನಮ್ಮ ಗಾದೆ ಇಲ್ಲಿ ಬಹಳ ಸಲ್ಲುವುದು. ಈ ಕ್ಯಾಮೆರಾಗಳ ಅಗಲನೋಟದ ಮಸೂರದಲ್ಲಿ ಗಾಡಿಯು ಇದ್ದುದಕ್ಕಿಂತ ದೂರದಲ್ಲಿದ್ದಂತೆ ತೋರುವುದು; ಸವಾರನ ಎದೆ ನಡುಗಿಸಿದ ಘಟನೆ ಪರದೆಯ ಮೇಲೆ ಸಪ್ಪೆಯಾಗಿ ಕಾಣುವುದು. ಅಲ್ಲದೆ ಕ್ಯಾಮೆರಾ ಪಕ್ಷಪಾತಿಯಲ್ಲ. ಸವಾರನು ಕೆಂಪು ದೀಪವನ್ನು ದಾಟಿದ್ದರೆ ಅದನ್ನೂ, ಕೆಟ್ಟ ಮಾತಾಡಿದ್ದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಬರೆದಿಡುವುದು. ಇದನ್ನು ಸಿಕ್ಕಿಸಿಕೊಂಡ ಮೇಲೆ ನಮ್ಮ ಸವಾರಿಯೇ ಹೆಚ್ಚು ಸಭ್ಯವಾಗಿದೆಯೆಂದು ಮನೆಯವರ ಅಭಿಪ್ರಾಯ.

ಚಾಡಿಗೂ ಸಾಕ್ಷಿಗೂ ಇರುವ ಅಂತರವು ನಮಗೆ ಇಲ್ಲಿಯೇ ಹೊಳೆದುದು. ಚಾಡಿ ಹೇಳುವವನು ತನ್ನ ಹೆಸರನ್ನು ಮರೆಸಿಕೊಳ್ಳುವನು. ಸಾಕ್ಷಿಯು ರುಜು ಹಾಕುವನು. ಚಾಡಿ ಹೇಳುವವನು ತನಗೆ ಬೇಕಾದ ಅರ್ಧವನ್ನು ಹೇಳುವನು. ಸಾಕ್ಷಿಯು ತನಗೆ ಪ್ರತಿಕೂಲವಾದುದನ್ನೂ ಸೇರಿಸಿ ಪೂರ್ತಿ ಒಪ್ಪಿಸುವನು. ಚಾಡಿ ಹೇಳುವವನಿಗೆ ಎದುರಾಳಿಯ ಕೇಡು ಬೇಕು. ಸಾಕ್ಷಿಗೆ ಫಲ ಏನಾಯಿತೆಂಬುದೂ ಬೇಕಿಲ್ಲ. ತೀರ್ಪು ಅವನದಲ್ಲ. ಐದನೆಯ ದಿನ ನಾವು ಚಿತ್ರವನ್ನು ಕಳುಹಿಸಿದೆವು. ತಾಯಿಯವರು ಒಪ್ಪಿದರೆಂದು ಹೇಳಲಾರೆವು. “ಅವನಿಗೆ ಬುದ್ಧಿ ಬರಲಿ, ಕೆಡುಕಾಗದಿರಲಿ” ಎಂದು ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದರು.

ಚಿತ್ರಗಳನ್ನು ಊರಿಗೆಲ್ಲ ತೋರಿಸುವವರೂ ಇದ್ದಾರೆ. ಲಂಡನ್ನಿನಲ್ಲಿ ‘ಸೈಕ್ಲಿಂಗ್ ಮೈಕಿ’ ಎಂದು ಪ್ರಸಿದ್ಧರಾದ ಮೈಕ್ ವ್ಯಾನ್ ಎರ್ಪ್ ಎಂಬವರು, ಗಾಡಿ ನಡೆಸುತ್ತ ಫೋನು ನೋಡುವವರನ್ನು ಹಿಡಿಯುವುದರಲ್ಲಿ ಎತ್ತಿದ ಕೈ. ಅವರ ತಂದೆ ಮದ್ಯಪಾನ ಮಾಡಿದ ಚಾಲಕನೊಬ್ಬನಿಂದ ಮೃತರಾದವರು. 2019ರಲ್ಲಿ ಹೈಡ್ ಪಾರ್ಕಿನ ಬಳಿ ಅವರು ತೆಗೆದ ಚಿತ್ರದಿಂದ ಸಿನಿಮಾ ನಿರ್ದೇಶಕ ಗೈ ರಿಚಿಯವರಿಗೆ 2020ರಲ್ಲಿ ಆರು ತಿಂಗಳು ಚಾಲನೆ ನಿಷೇಧವಾಯಿತು. ಸಿರಿವಂತನಿಗೂ ಮೂಟೆ ಹೊರುವವನಿಗೂ ಒಂದೇ ಕಟ್ಟಳೆಯೆಂಬುದು ಇದರಿಂದ ತೋರಿತು. ಆದರೂ ಸಂಸಾರಿಗಳಾದ ನಾವು ನಮ್ಮ ಮನೆಗೆ ಒಂದು ನಿಯಮ ಮಾಡಿಕೊಂಡಿದ್ದೇವೆ. ಚಿತ್ರವು ಪೋಲೀಸಿನವರಿಗೆ ಹೋಗಬೇಕು, ಲೋಕಕ್ಕೆ ಹೋಗಬಾರದು. ಕಾನೂನಿನ ದಂಡಕ್ಕೆ ಕೊನೆಯುಂಟು, ಲೋಕಾಪವಾದಕ್ಕೆ ಕೊನೆಯಿಲ್ಲ.

ನಮ್ಮ ನಾಡಿಗೂ ಇದು ಹೊಸದಲ್ಲ. 2015ರಲ್ಲಿಯೇ ಬೆಂಗಳೂರಿನ ಸಂಚಾರ ಪೋಲೀಸಿನವರು ‘ಪಬ್ಲಿಕ್ ಐ’ ಎಂಬ ಏರ್ಪಾಡಿನಿಂದ, ನಾಗರಿಕರು ತಮ್ಮ ಫೋನಿನಲ್ಲಿ ತೆಗೆದ ಚಿತ್ರಗಳನ್ನು ಸ್ವೀಕರಿಸಲಾರಂಭಿಸಿದರು. ಭಾರತದ ರಸ್ತೆಗಳಲ್ಲಿ 2022ನೆಯ ಒಂದೇ ವರ್ಷ 1,68,491 ಜನ ಪ್ರಾಣ ಬಿಟ್ಟರು. ಅಷ್ಟು ಮನೆಗಳ ದುಃಖದ ಮುಂದೆ, ‘ನಮಗೇಕೆ ಊರ ಉಸಾಬರಿ’ ಎನ್ನುವ ನಮ್ಮ ಹಳೆಯ ಸಂಕೋಚವು ಗುಣವೋ ದೋಷವೋ ಎಂಬುದನ್ನು ಪ್ರತಿಯೊಂದು ಮನೆಯವರೂ ಕುಳಿತು ಆಲೋಚಿಸಬೇಕಾಗಿದೆ.

ಕೆಲವು ವಾರಗಳ ಮೇಲೆ, ಸೂಕ್ತ ಕ್ರಮ ಕೈಕೊಂಡಿರುವುದಾಗಿ ಪೋಲೀಸಿನವರಿಂದ ಎರಡು ಸಾಲಿನ ಉತ್ತರ ಬಂದಿತು. ಕ್ರಮವೇನೆಂದು ಅದರಲ್ಲಿರಲಿಲ್ಲ, ನಾವು ವಿಚಾರಿಸಲೂ ಇಲ್ಲ. ಕರಿಬೇವು ಈಗಲೂ ಆ ಅಂಗಡಿಯಿಂದಲೇ ಬರುತ್ತಿದೆ. ಮೂಟೆ ಇಳಿಸುವ ಆ ಹುಡುಗ ಅಲ್ಲಿಯೇ ಇದ್ದಾನೆ. ತಾಯಿಯವರಿಗೆ ಅದನ್ನು ಫೋನಿನಲ್ಲಿ ತಿಳಿಸಿದಾಗ ಅವರು ಸಮಾಧಾನದ ನಿಟ್ಟುಸಿರು ಬಿಟ್ಟರು.

ಆ ಉತ್ತರವನ್ನು ಮಗಳಿಗೆ ಓದಿ ಹೇಳಿದೆವು. ಅವಳು ಎಷ್ಟು ದಂಡವೆಂದು ಕೇಳಲಿಲ್ಲ. “ಹಾಗಾದ್ರೆ ಅವರು ನೋಡಿದ್ರಾ?” ಎಂದು ಮಾತ್ರ ಕೇಳಿದಳು. ನೋಡಿದರೆಂದೆವು. ಚಳಿಗಾಲ ಕಳೆದ ಮೇಲೆ ಒಂದು ದಿನ, ಯಾರೂ ಹೇಳದೆ, ತನ್ನ ಬೈಸಿಕಲ್ಲಿನ ಚಕ್ರಗಳಿಗೆ ಗಾಳಿ ತುಂಬಿದಳು. ಅನ್ಯಾಯವಾದವನಿಗೆ ಎದುರಾಳಿಯ ಶಿಕ್ಷೆಗಿಂತಲೂ ಮೊದಲು ಬೇಕಾದುದು, ತನಗಾದುದನ್ನು ಇನ್ನೊಬ್ಬರು ಕಂಡರೆಂಬ ಭರವಸೆ. ಅಷ್ಟನ್ನು ಒದಗಿಸುವುದು ಸಾಕ್ಷಿಯ ಕೆಲಸ. ಉಳಿದುದನ್ನು ತೂಗುವವರು ಬೇರೆ ಇದ್ದಾರೆ.